403ರಲ್ಲಿ 178 ಕಳೆದರೆ 375?

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಹೀಗೆ ಪಾಸಾದ ಮಗು ತನ್ನ ತಪ್ಪನ್ನೂ ಜೊತೆಗೇ ಹೊತ್ತು ಪಿಯುಸಿಗೆ ಹೋಗುತ್ತದೆ. ಗಣಿತದಲ್ಲಿ ಆ ತಪ್ಪಿನ ಬೇರು ಎಷ್ಟೋ ಸಲ ಪ್ರಾಥಮಿಕ ಶಾಲೆಯ ದಶಕ ಸಹಿತ ಕಳೆಯುವ ಲೆಕ್ಕದಲ್ಲೇ ಇರುತ್ತದೆ.

ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಜೂನ್‌ನ ಸೇತುಬಂಧದಲ್ಲಿ, ಮಗು ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಶಿಕ್ಷಕರಾದ ನಾವು ನೈದಾನಿಕ ಪರೀಕ್ಷೆ ಮಾಡುತ್ತೇವಲ್ಲ, ಅಲ್ಲಿ ತಪ್ಪು ಉತ್ತರಕ್ಕೆ ಸೊನ್ನೆ ಸುತ್ತಿ ಮುಂದೆ ಹೋದರೆ ಪರೀಕ್ಷೆ ಮಾಡಿದ್ದೇ ದಂಡ. ಎಂಟನೇ ತರಗತಿಗೂ 403−178 ಕೊಟ್ಟು ನೋಡಿ. ಸರಿಯುತ್ತರ 225. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 3 ಹೋದರೆ 5, 7ರಲ್ಲಿ ಸೊನ್ನೆ ಹೋದರೆ 7. ಈ ಮಗುವೇ ಮುಂದೆ 3x−8x ಅನ್ನು 5x ಎಂದು ಬರೆಯುವುದು. 325 ಬರೆದ ಮಗುವಿಗೆ ದಶಕ ತೆಗೆಯಲು ಬರುತ್ತದೆ. ನಡುವಿನ ಸೊನ್ನೆಯನ್ನು 9 ಮಾಡಿದೆ, ನೂರರ ಸ್ಥಾನದ 4ನ್ನು 3 ಮಾಡಿಲ್ಲ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಪಾಠ ಮಾಡಿದರೆ ಮೊದಲನೆಯವರಿಗೆ ತಿಳಿಯುವುದಿಲ್ಲ, ಎರಡನೆಯವರಿಗೆ ಬೇಸರ ಬರುತ್ತದೆ.

375ರ ಗುಂಪಿಗೆ ಹತ್ತತ್ತು ಕಡ್ಡಿಯ 5 ಕಟ್ಟು, 2 ಬಿಡಿ ಕಡ್ಡಿ ಕೊಟ್ಟು 37 ಕೇಳಿ. ಬಿಡಿ ಸಾಲದೆ ಮಗುವೇ ಕಟ್ಟು ಬಿಚ್ಚಬೇಕು. ಅಲ್ಲಿಯವರೆಗೆ ದಯವಿಟ್ಟು ಕಾಯಿರಿ, ನೀವು ಬಿಚ್ಚಿಕೊಡಬೇಡಿ. ಬಿಚ್ಚಿದ ತಕ್ಷಣ ಸ್ಲೇಟಿನಲ್ಲಿ 5 ಹೊಡೆದು 4, 2ರ ಮೇಲೆ 12 ಬರೆಸಿ. ಕಡ್ಡಿ ಇವತ್ತು, ಬರವಣಿಗೆ ನಾಳೆ ಎಂದರೆ ಎರಡಕ್ಕೂ ನಂಟು ಬೆಳೆಯುವುದಿಲ್ಲ.

ದೊಡ್ಡ ಮಕ್ಕಳಿಗೆ ಕಡ್ಡಿ ಹಿಡಿಯಲು ನಾಚಿಕೆ. ಅವರಿಗೆ 100, 10, 1 ರೂಪಾಯಿ ಎಂದು ಬರೆದ ಚೀಟಿಗಳು ಸಾಕು. 403 ರೂಪಾಯಿಯಲ್ಲಿ 178 ಕೊಡಬೇಕು, ಹತ್ತರ ನೋಟು ಒಂದೂ ಇಲ್ಲ. ನೂರನ್ನು ಚಿಲ್ಲರೆ ಮಾಡಿಸಲೇಬೇಕು. ನೋಟು ಕೈಬಿಟ್ಟು ಹೋಗುವುದು ಕಾಣುವುದರಿಂದ 325ರ ತಪ್ಪು ಇಲ್ಲಿ ಬೇಗ ತಿದ್ದಿಕೊಳ್ಳುತ್ತದೆ.

ಭಾಗಾಕಾರದಲ್ಲಿ 618÷6ಕ್ಕೆ 13 ಬರೆಯುವುದೂ ಸೊನ್ನೆಯದೇ ಗೋಳು. ಲೆಕ್ಕಕ್ಕೆ ಕೂರುವ ಮೊದಲು '600ರಲ್ಲಿ 6 ಎಷ್ಟು ಸಲ?' ಎಂದು ಕೇಳಿದರೆ 13 ಸಾಧ್ಯವೇ ಇಲ್ಲವೆಂದು ಮಗುವೇ ಹೇಳುತ್ತದೆ.

ಸೇತುಬಂಧದ ಕೊನೆಗೆ ಮಗು ಕಲಿತಿದೆಯೇ ಎಂದು ನೋಡುವ ಸಾಫಲ್ಯ ಪರೀಕ್ಷೆಗೆ ಅದೇ 403 ಬೇಡ, ಬಾಯಿಪಾಠವಾಗಿರುತ್ತದೆ. 502−267 ಕೊಡಿ. 365 ಅಥವಾ 335 ಕಂಡರೆ ವಹಿಯಲ್ಲಿ ಅಂಕ ತುಂಬುವ ಮೊದಲು ಚೀಟಿಗಳನ್ನು ಮತ್ತೆ ಮಗುವಿನ ಕೈಗೆ ಕೊಡಿ.