ಪ್ರಾರ್ಥನೆ ಯಾರ ಕಿವಿಗೆ?

ಬೀದರಿನಲ್ಲಿ ಒಂದು ಮನೆ. ಸಂಜೆ ಕುಟುಂಬ ಪ್ರಾರ್ಥನೆಗೆ ನನ್ನನ್ನು ಕರೆದಿದ್ದರು. ಹಾಡು ಮುಗಿಯಿತು, ಎಲ್ಲರೂ ಕಣ್ಣು ಮುಚ್ಚಿದೆವು. ಮನೆಯ ಹಿರಿಯ ತಾಯಿ ಪ್ರಾರ್ಥನೆ ಶುರು ಮಾಡಿದರು. ಮಳೆ, ಬೆಳೆ, ಹುಷಾರಿಲ್ಲದವರು ಎಲ್ಲ ಆಯಿತು. ಆಮೇಲೆ ದನಿ ಸ್ವಲ್ಪ ಏರಿತು. "ಸ್ವಾಮೀ, ಈ ಮನಿಗಿ ಬಂದ ಸೊಸಿಗಿ ಹಿರ್ಯಾರ ಮಾತು ಕೇಳೋ ಬುದ್ಧಿ ಕೊಡಪ್ಪಾ." ನನ್ನ ಎಡಗಡೆ ಬಳೆ ಸದ್ದಾಯಿತು. ಸೊಸೆ ಸೆರಗು ಎಳೆದುಕೊಂಡಳು. ಎಲ್ಲರೂ ಆಮೆನ್ ಅಂದಾಗ ಅವಳ ದನಿ ಮಾತ್ರ ಬರಲಿಲ್ಲ.

ಆ ದಿನ ನಾನು ಚಹಾ ಕುಡಿದು ಸುಮ್ನೆ ಎದ್ದು ಬಂದೆ. ಅದು ನನ್ನ ತಪ್ಪು. ಸಭಾಪಾಲಕನಾಗಿ ಅವತ್ತೇ ಹೇಳಬೇಕಿತ್ತು, ಇಲ್ಲಿ ಹೇಳುತ್ತಿದ್ದೇನೆ.

ಅದು ದೇವರಿಗೆ ಹೇಳಿದ ಮಾತಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿದ್ದು. ಅವರು ತಿರುಗಿ ಉತ್ತರ ಕೊಡುವ ಹಾಗೂ ಇಲ್ಲ. ಮಗನ ಮಾರ್ಕ್ಸು, ಗಂಡನ ಕುಡಿತ, ತಮ್ಮನ ಸೋಮಾರಿತನ, ಎಲ್ಲವನ್ನೂ ನಾವು ಹೀಗೆ ಪ್ರಾರ್ಥನೆಯಲ್ಲಿ ಚುಚ್ಚುತ್ತೇವೆ. ಹೇಳೋದಿದ್ದರೆ ಎದುರಿಗೆ ಕೂತು ಹೇಳಿ. ದೇವರ ಮುಂದೆ ನಿಮ್ಮ ಪಾಲಿನದನ್ನು ಹೇಳಿ: "ಇವತ್ತು ಅಕಿ ಮ್ಯಾಲ ಸುಮ್ನೆ ಸಿಟ್ಟು ಮಾಡ್ದೆ, ತಪ್ಪಾಯ್ತು."

ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನ ಜೊತೆಗಿನ ಮನಸ್ತಾಪ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸು ಹೇಳಿದ್ದು ಬೈಬಲಿನ ಮತ್ತಾಯ ಪುಸ್ತಕದ 5ನೇ ಅಧ್ಯಾಯದಲ್ಲಿದೆ. ಹೆಂಡತಿಗೆ ಮರ್ಯಾದೆ ಕೊಡಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ ಅಂತ ಯೇಸುವಿನ ಶಿಷ್ಯ ಪೇತ್ರ ಗಂಡಂದಿರಿಗೆ ಬರೆಯುತ್ತಾನೆ. ನಾವು ಗಂಡಸರು ಆ ವಚನವನ್ನು ಬೇಗ ಬೇಗ ಓದಿ ಮುಂದೆ ಹೋಗುತ್ತೇವೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಆಡೋದು ಉರ್ದು, ಮರಾಠಿ ಬೆರೆತ ಬೀದರ್ ಕನ್ನಡ. ಪ್ರಾರ್ಥನೆಗೆ ಕೂತರೆ ಮಾತ್ರ "ಮಹೋನ್ನತನೂ ಪರಿಶುದ್ಧನೂ ಆದ ತಂದೆಯೇ" ಅಂತ ಪುಸ್ತಕದ ಮಾತು. ಆ ಮಾತಿನ ಮೇಲೆ ನನಗೆ ಗೌರವವಿದೆ, ಆರಾಧನೆಯನ್ನು ಅದರಲ್ಲೇ ನಡೆಸುತ್ತೇನೆ. ಆದರೆ ತೊಗರಿ ಒಣಗಿ ಹೋಯ್ತು, ಸಾಲ ಹೆಂಗ ತೀರಸ್ಲಿ ಅನ್ನೋದು ಆ ಭಾಷೆಯಲ್ಲಿ ಬಾಯಿಗೆ ಬರೋದಿಲ್ಲ. ಬರದೇ ಇದ್ದದ್ದನ್ನು ಹೇಳದೇ ಬಿಡುತ್ತೇವೆ.

ಗೆತ್ಸೇಮನೆ ತೋಟದಲ್ಲಿ ಸಾವು ಎದುರಿಗಿದ್ದಾಗ ಯೇಸು ಕರೆದದ್ದು "ಅಬ್ಬಾ" ಅಂತ. ಅರಾಮಿಕ್ ಮಾತು, ಮನೆಯ ಮಾತು. ಯೇಸುವಿನ ಕಥೆಯನ್ನು ಗ್ರೀಕಿನಲ್ಲಿ ಬರೆದ ಮಾರ್ಕನೂ ಅದನ್ನು ಹಾಗೇ ಉಳಿಸಿದ್ದಾನೆ. ನಮ್ಮ ಕನ್ನಡ ಬೈಬಲ್ಲಾದ ಸತ್ಯವೇದದಲ್ಲಿ ಅದು "ಅಪ್ಪಾ". ಕರೆದು ಕೇಳಿದ್ದೇನು? ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಿಸು ಅಂತ. ಬೇಡ ಅನಿಸಿದ್ದನ್ನು ಬೇಡ ಅಂತಲೇ ಹೇಳಿ, ಆಮೇಲೆ ನಿನ್ನ ಚಿತ್ತದಂತೆ ಆಗಲಿ ಅಂದ. ನಾವು ಮೊದಲ ಮಾತು ನುಂಗಿಕೊಂಡು ಸೀದಾ ಎರಡನೆಯದಕ್ಕೆ ಹೋಗುತ್ತೇವೆ, ಅಲ್ವಾ? 13ನೇ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ "ಇನ್ನೆಷ್ಟು ಕಾಲ" ಅನ್ನೋ ಕೇಳಿಕೆ ನಾಲ್ಕು ಸಲ ಬರುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ದೇವರ ಮುಂದೆ ಹಾಡಿದ್ದಾರೆ.

ಹುಮನಾಬಾದ್ ಕಡೆಯ ಒಬ್ಬ ರೈತರು ಭಾನುವಾರ ಆರಾಧನೆ ಮುಗಿದ ಮೇಲೆ ನಿಂತಿದ್ದರು. 40 ಸಾವಿರ ಕೈಗಡ ಮಾಡಿದ್ದರು, ಮನೆಯಲ್ಲಿ ಗೊತ್ತಿಲ್ಲ. ದಿನಾ ರಾತ್ರಿ ಹೆಂಡತಿ ಮಕ್ಕಳ ಜೊತೆ ಕೂತು "ಎಲ್ಲಾ ಕೊರತೆ ನೀಗಿಸು" ಅಂತ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಮಾಡ್ರಿ ಪಾಸ್ಟರ್ ಅಂದರು. ಮಾಡಿದೆ. ಆದರೆ ಒಂದು ಮಾತು ಹೇಳಿದೆ: ಪ್ರಾರ್ಥನೆಯಲ್ಲಿ ಅಚಾನಕ್ಕಾಗಿ ಹೇಳಿಬಿಡಬೇಡಿ, ಮೊದಲು ಹೆಂಡತಿ ಜೊತೆ ಕೂತು ಹೇಳಿ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

"ಹೇಳಿದೆ ರೀ ಪಾಸ್ಟರ್. ಎರಡು ದಿನ ಅಕಿ ಮಾತೇ ಆಡ್ಲಿಲ್ಲ. ನಿನ್ನಿ ರಾತ್ರಿ ಅಕಿನೇ ಮಕ್ಕಳ್ನ ಕರ್ಕೊಂಡು ಕುಂತಳು. ಯಪ್ಪಾ, 40 ಸಾವಿರ ಅದ, ನನಗ ಇವ್ರ ಮ್ಯಾಲ ಇನ್ನೂ ಸಿಟ್ಟದ, ದಾರಿ ತೋರ್ಸು ಅಂದಳು."