ಚದರಗಳ್ಳಿ: ಹಾಲು ಸುರಿಸುವ ಕಳ್ಳಿ

ನಾಗಮಂಗಲದ ಕಡೆಯ ಹೊಲದ ಬೇಲಿಯಲ್ಲಿ ಮುಳ್ಳಿನ ಗಿಡ ಕಂಡರೆ ನಾವು ಕಳ್ಳಿ ಎಂದುಬಿಡುತ್ತೇವೆ. ಆ ಒಂದು ಪದದಲ್ಲಿ ನೆಂಟಸ್ತಿಕೆಯೇ ಇಲ್ಲದ ಎರಡು ಕುಲಗಳು ಸೇರಿಕೊಂಡಿವೆ. ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದ ಕ್ಯಾಕ್ಟಸ್. ಚದರಗಳ್ಳಿ ನಮ್ಮ ನೆಲದ್ದೇ, ಹರಳು ಗಿಡದ ಬಳಗ. ಗೀರಿದರೆ ಬೆಳ್ಳಗೆ ಹಾಲು ಸುರಿಯುವುದು ಇದರಲ್ಲಿ ಮಾತ್ರ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ; ಮಕ್ಕಳನ್ನು ದೂರ ಇಡಿ.

ಚದರ ಎಂದರೆ ಚೌಕ. ಆದರೂ ಕಾಂಡಕ್ಕೆ ಸಾಮಾನ್ಯವಾಗಿ ಮೂರು ಏಣು, ಕೆಲವೊಮ್ಮೆ ನಾಲ್ಕೈದು. ಏಣಿನ ಉದ್ದಕ್ಕೂ ಜೋಡಿ ಜೋಡಿ ಮುಳ್ಳು. ಎಲೆಗಳು ಚಿಕ್ಕವು, ಬೇಗ ಉದುರುತ್ತವೆ. ಆಹಾರ ತಯಾರಿಸುವ ಕೆಲಸವೆಲ್ಲ ಹಸಿರು ಕಾಂಡದ್ದು.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ಯುಫೋರ್ಬಿಯ ಆಂಟಿಕ್ವೋರಮ್ ಎಂದು ಹೆಸರಿಟ್ಟ. ಮೊದಲ ಪದ ಉತ್ತರ ಆಫ್ರಿಕದ ದೊರೆ ಎರಡನೆಯ ಜೂಬನ ವೈದ್ಯ ಯುಫೋರ್ಬಸ್‌ನಿಂದ ಬಂದದ್ದು. ಎರಡನೆಯದರ ಅರ್ಥ ‘ಪ್ರಾಚೀನರದು’.

ಈ ಗಿಡದಲ್ಲಿ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುವುದು ಹೂ. ಮುಳ್ಳಿನ ಬುಡದ ಹತ್ತಿರ ಹಳದಿಯ ಪುಟ್ಟ ಬಟ್ಟಲುಗಳು ಮೂಡುತ್ತವೆ. ನೋಡಿದವರು ಒಂದು ಬಟ್ಟಲನ್ನು ಒಂದು ಹೂ ಎಂದೇ ಎಣಿಸುತ್ತಾರೆ. ಅದು ಒಂದು ಹೂವಲ್ಲ, ಇಡೀ ಗೊಂಚಲು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಸಯಾಥಿಯಂ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಒಳಗಿನ ಒಂದೊಂದು ಕೇಸರವೂ ಒಂದೊಂದು ಗಂಡು ಹೂ, ಎಸಳಿಲ್ಲ, ಏನಿಲ್ಲ. ಕೇಸರದ ಕಡ್ಡಿಯ ನಡುವೆ ಸಣ್ಣದೊಂದು ಗೆಣ್ಣು ಕಾಣುತ್ತದೆ. ಗೆಣ್ಣಿನ ಕೆಳಗಿನದು ಹೂವಿನ ತೊಟ್ಟು, ಮೇಲಿನದು ಕೇಸರ. ಹೂವೆಲ್ಲ ಸವೆದು ಒಂದೇ ಕೇಸರವಾಗಿ ಉಳಿದಿದೆ ಎಂಬುದಕ್ಕೆ ಆ ಗೆಣ್ಣೇ ಗುರುತು. ಇವುಗಳ ನಡುವೆ ಹೆಣ್ಣು ಹೂ ಇದ್ದರೆ ಒಂದೇ ಒಂದು, ಅದೂ ಬರಿಯ ಅಂಡಾಶಯ. ಬಟ್ಟಲಿನ ಅಂಚಿನ ಹಳದಿ ತುಣುಕುಗಳೂ ಎಸಳುಗಳಲ್ಲ. ಮಕರಂದ ಒಸರುವ ಗ್ರಂಥಿಗಳು.

ಆ ಅಂಡಾಶಯವೇ ಬಲಿತು ಮೂರು ಕೋಣೆಯ ಕಾಯಾಗುತ್ತದೆ, ಕೋಣೆಗೊಂದು ಬೀಜ. ಹಿತ್ತಲಿನ ಹರಳುಕಾಯಿಯೊಂದನ್ನು ಬಿಡಿಸಿ ಪಕ್ಕದಲ್ಲಿಟ್ಟು ನೋಡಿ: ಅಲ್ಲಿಯೂ ಮೂರೇ ಕೋಣೆ, ಮೂರೇ ಬೀಜ.