ಹತ್ತೇ ನಿಮಿಷ ದೂರದ ಊರು

ಬೆಂಗಳೂರಿನ ಹೊರವಲಯದಲ್ಲಿ ಸೈಟು ಮಾರುವವರ ಬೋರ್ಡುಗಳನ್ನು ಓದಿದ್ದೀರಾ? ‘ಏರ್‌ಪೋರ್ಟಿಗೆ 20 ನಿಮಿಷ’, ‘ರಿಂಗ್ ರೋಡಿಗೆ ಕೇವಲ 10 ನಿಮಿಷ’. ಕಿಲೋಮೀಟರ್ ಬರೆಯುವವರು ಕಡಿಮೆ. ಆ ಹತ್ತು ನಿಮಿಷ ರಾತ್ರಿ ಎರಡು ಗಂಟೆಯದ್ದಾ ಅಂತ ಕೇಳಬಾರದು ಅಷ್ಟೆ. ಆದರೂ ಒಂದು ಮಾತಿನಲ್ಲಿ ಅವರು ಸರಿ. ಊರು ಬೆಳೆಯುವುದು ನಿಮಿಷದ ಲೆಕ್ಕದಲ್ಲೇ.

ಯಾಕೋವ್ ಜಹಾವಿ ಎಂಬ ಸಾರಿಗೆ ತಜ್ಞರು 1970ರ ದಶಕದಲ್ಲಿ ಬಡ ದೇಶಗಳ ಮತ್ತು ಸಿರಿವಂತ ದೇಶಗಳ ನಗರಗಳ ಓಡಾಟವನ್ನು ಹೋಲಿಸಿ ನೋಡಿದರು. ಸರಾಸರಿ ತೆಗೆದರೆ ಎರಡೂ ಕಡೆ ಜನ ಓಡಾಟಕ್ಕೆ ಇಡುವ ಹೊತ್ತು ದಿನಕ್ಕೆ ಒಂದು ಗಂಟೆಯ ಆಸುಪಾಸು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದೇ ಲೆಕ್ಕವನ್ನು ಹಳೆಯ ಊರುಗಳಿಗೂ ಹಿಡಿದು ನೋಡಿದರು. ಇದು ಸರಾಸರಿ ಮಾತ್ರ. ಮೂರು ಗಂಟೆ ಬಸ್ಸಿನಲ್ಲಿ ನಿಲ್ಲುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಈಗ ಸ್ವಲ್ಪ ಗಣಿತ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ನಡಿಗೆಯ ವೇಗ ಗಂಟೆಗೆ 5 ಕಿ.ಮೀ. ಅಂದರೆ ಊರಿನ ನಡುವಿನಿಂದ ಎರಡೂವರೆ ಕಿ.ಮೀ. ಹೋಗಬಹುದು. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 20 ಚದರ ಕಿ.ಮೀ. ಸೈಕಲ್ ಹತ್ತಿದರೆ ವೇಗ ಮೂರು ಪಟ್ಟು, ಊರು ಒಂಬತ್ತು ಪಟ್ಟು. ಗಂಟೆಗೆ 30 ಕಿ.ಮೀ. ಓಡುವ ಗಾಡಿ ಬಂದರೆ ವೃತ್ತ 700 ಚದರ ಕಿ.ಮೀ. ದಾಟುತ್ತದೆ. ವೇಗ ಕೂಡುತ್ತಾ ಹೋದರೆ ನೆಲ ಗುಣಿಸುತ್ತಾ ಹೋಗುತ್ತದೆ.

ಬೆಂಗಳೂರು ಈ ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ನಡೆಯುವವರ ಊರು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಲ್ಲ ಒತ್ತೊತ್ತಾಗಿ. ಊರಿನ ಎಲ್ಲೆಯ ಗುರುತೆನ್ನುವ ನಾಲ್ಕು ಗೋಪುರಗಳಲ್ಲಿ ಲಾಲ್‌ಬಾಗಿನ ಬಂಡೆಯ ಮೇಲಿನದು, ಕೆಂಪಾಂಬುಧಿ ಕೆರೆಯದು ಅಲ್ಲಿಂದ ಅರ್ಧ ಗಂಟೆ ನಡಿಗೆಯ ಸುತ್ತಲಲ್ಲೇ ಇವೆ. ಉಳಿದೆರಡು ತುಸು ದೂರ. 1864ರಲ್ಲಿ ದಂಡು ಪ್ರದೇಶಕ್ಕೆ ರೈಲು ಬಂತು. 1898ರ ಪ್ಲೇಗ್ ಆದಮೇಲೆ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಹರಡಿದರು. ಜಟಕಾ, ಸೈಕಲ್, ಆಮೇಲೆ ಸಿಟಿ ಬಸ್. 2007ರಲ್ಲಿ ಬಿಬಿಎಂಪಿ ಹುಟ್ಟುವಾಗ ನಗರ 700 ಚದರ ಕಿ.ಮೀ. ದಾಟಿತ್ತು!

ನನಗೆ ತುಂಬ ಕುತೂಹಲ ಹುಟ್ಟಿಸುವುದು ಔಟರ್ ರಿಂಗ್ ರೋಡಿನ ಕಥೆ. ಲಾರಿಗಳು ಊರೊಳಗೆ ನುಗ್ಗದೆ ಹೊರಗಿಂದಲೇ ಸುತ್ತಿ ಹೋಗಲಿ ಎಂಬುದು ಇಂಥ ರಸ್ತೆಯ ಉದ್ದೇಶ. ಸುಮಾರು 60 ಕಿ.ಮೀ.ನ ಈ ಉಂಗುರ 2002ರ ಹೊತ್ತಿಗೆ ಮುಗಿಯಿತು. ಅದರ ಪೂರ್ವದ ಭಾಗದಲ್ಲಿ, ಬೆಳ್ಳಂದೂರು, ಮಾರತ್‌ಹಳ್ಳಿ ಕಡೆ, ಆಗ ಇನ್ನೂ ಹೊಲ, ಕೆರೆ, ಅಗ್ಗದ ಜಮೀನು. ರಸ್ತೆ ಬಂದ ಕೂಡಲೇ ಆ ಜಮೀನು ಎಲ್ಲದಕ್ಕೂ ‘ಹತ್ತಿರ’ ಆಯಿತು. ಐಟಿ ಪಾರ್ಕುಗಳು ಬಂದವು, ಹಿಂದೆಯೇ ಅಪಾರ್ಟ್‌ಮೆಂಟು, ಶಾಲೆ, ಮಾಲ್. ಸುತ್ತಿ ಹೋಗಲು ಹಾಕಿದ ದಾರಿಯೇ ಲಕ್ಷಾಂತರ ಜನ ಹೋಗಬೇಕಾದ ಜಾಗವಾಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ ಬಗ್ಗೆ ಜೋಕುಗಳು ಹುಟ್ಟಿದ್ದು ಸುಮ್ನೆ ಅಲ್ಲ.

ವೇಗ ಊರನ್ನು ಹಿಗ್ಗಿಸುತ್ತದೆ, ಹಿಗ್ಗಿದ ಊರು ವೇಗವನ್ನು ತಿಂದುಹಾಕುತ್ತದೆ. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದಂತೆ ಬೆಂಗಳೂರಿನ ಒಳಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಊರು ಹಿಗ್ಗಿದ್ದು 30ರ ಲೆಕ್ಕಕ್ಕೆ, ಓಡುತ್ತಿರುವುದು 21ರಲ್ಲಿ. ಮನೆಯನ್ನಾಗಲಿ ಆಫೀಸನ್ನಾಗಲಿ ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲವಲ್ಲ.

ಬ್ರೆಜಿಲ್‌ನ ಕುರಿಚೀಬಾ ನಗರ ಇದನ್ನು ಮೊದಲೇ ಯೋಚಿಸಿತು. 1971ರಲ್ಲಿ ಮೇಯರ್ ಆದ ವಾಸ್ತುಶಿಲ್ಪಿ ಜೈಮೆ ಲೆರ್ನೆರ್ ಕಾಲದಲ್ಲಿ ಕೆಲವು ಉದ್ದನೆಯ ದಾರಿಗಳನ್ನು ಆರಿಸಿಕೊಂಡರು. 1974ರಿಂದ ಆ ದಾರಿಗಳ ನಟ್ಟನಡುವೆ ಬಸ್ಸಿಗೆ ಮಾತ್ರ ಮೀಸಲಾದ ಲೇನ್. ಎತ್ತರದ ಕಟ್ಟಡಕ್ಕೆ ಮುಖ್ಯವಾಗಿ ಆ ದಾರಿಗಳ ಅಕ್ಕಪಕ್ಕದಲ್ಲೇ ಅನುಮತಿ, ದೂರ ಹೋದಂತೆ ಕಟ್ಟಡ ತಗ್ಗು. ಹೀಗಾಗಿ ಜನ ಎಲ್ಲಿ ಜಾಸ್ತಿಯೋ ಬಸ್ಸು ಅಲ್ಲೇ. ಮುಂದೆ 1990ರ ದಶಕದಲ್ಲಿ ಮೂರು ತುಂಡುಗಳನ್ನು ಜೋಡಿಸಿದಂಥ ಉದ್ದನೆಯ ಬಸ್ಸುಗಳು ಬಂದವು. ಒಂದರಲ್ಲಿ 250ಕ್ಕೂ ಹೆಚ್ಚು ಜನ. ಹಾಗಂತ ಕುರಿಚೀಬಾ ಸ್ವರ್ಗವೇನಲ್ಲ. ಇವತ್ತು ಬ್ರೆಜಿಲ್‌ನಲ್ಲಿ ಕಾರು ಜಾಸ್ತಿ ಇರುವ ನಗರಗಳಲ್ಲಿ ಅದೂ ಒಂದು. ಬಡವರು ಅಲ್ಲೂ ಊರಂಚಿಗೆ ಸರಿದಿದ್ದಾರೆ.

ನಮ್ಮಲ್ಲೂ 2019ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ದರು, ನೆನಪಿದೆಯಾ? ಬಸ್ಸುಗಳು ಬೇಗ ಹೋಗತೊಡಗಿದ್ದವು. ಮೆಟ್ರೋ ಕಾಮಗಾರಿ ಬಂತು, ಲೇನ್ ಕಳೆದುಹೋಯಿತು. ಕಾರಿನವರ ಗೊಣಗಾಟ ಆಗ ಜೋರಾಗಿತ್ತು. ಒಂದು ತುಂಬಿದ ಬಸ್ಸಿನ ಅರವತ್ತು ಜನರನ್ನು ಕಾರುಗಳಲ್ಲಿ ಕೂರಿಸಿದರೆ ರಸ್ತೆ ಎಷ್ಟು ಉದ್ದ ಬೇಕು ಅಂತ ಯಾರೂ ಎಣಿಸಿ ನೋಡಲಿಲ್ಲ.

ಇನ್ನೊಂದು ಮಾತು. ಒಂದೇ ಊರು ಎಲ್ಲರಿಗೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ನಡೆದೇ ಹೋಗುವ ಹೆಣ್ಣುಮಗಳ ಬೆಂಗಳೂರು ಇವತ್ತಿಗೂ ಎರಡೂವರೆ ಕಿ.ಮೀ.ನದೇ. ಅವಳಿಗೆ ವೇಗದಷ್ಟೇ ಟಿಕೆಟ್ ದರವೂ ದೂರದ ಅಳತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದಾಗ ಒಂದೂ ಹೊಸ ರಸ್ತೆ ಹಾಕದೆ ಅವಳ ಊರು ದೊಡ್ಡದಾಯಿತು. ಈಗ ಅವಳು ತುಸು ದೂರದ, ಒಂದು ಸಾವಿರ ಜಾಸ್ತಿ ಸಂಬಳದ ಕೆಲಸವನ್ನೂ ಹುಡುಕಬಹುದು. ಬಸ್ಸು ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ಳದಿದ್ದರೆ.

ಅತ್ತ ಇನ್ನೂ ದೊಡ್ಡ ಉಂಗುರ ತಯಾರಾಗುತ್ತಿದೆ. ಸುಮಾರು 280 ಕಿ.ಮೀ.ನ ಸ್ಯಾಟಲೈಟ್ ಟೌನ್ ರಿಂಗ್ ರೋಡ್. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆವರೆಗೆ ಗಾಡಿ ಓಡಾಟ ಶುರುವಾಗಿದೆ. ಅದರ ಉದ್ದೇಶವೂ ಲಾರಿಗಳನ್ನು ಊರಿನಿಂದ ಹೊರಗಿಡುವುದೇ. ಅಕ್ಕಪಕ್ಕದ ರಾಗಿ ಹೊಲಗಳಲ್ಲಿ ಕಲ್ಲು ನೆಟ್ಟಾಗಿದೆ, ಬೋರ್ಡೂ ಬಂದಾಗಿದೆ. ಅದರ ಮೇಲೆ ನಿಮಿಷ ಎಷ್ಟು ಅಂತ ನಿಮಗೇ ಗೊತ್ತು.